ಏಳನೇ ಸಾಕ್ಷಿಯ ಕಿವಿ

ಸಿನಿಮಾದಲ್ಲಿ ಹೀರೋ ನಡೆದು ಬರುವಾಗ ನಿಮಗೆ ಕೇಳಿಸುತ್ತದಲ್ಲ ಹೆಜ್ಜೆ ಸದ್ದು, ಅದು ಅವನದಲ್ಲ, ನನ್ನದು. ಶೂಟಿಂಗ್ ದಿನ ಅವನು ರಬ್ಬರ್ ಚಪ್ಪಲಿ ಹಾಕಿಕೊಂಡು ನಡೆದಿರುತ್ತಾನೆ, ಬೂಟು ಹಾಕಿದರೆ ಕಾಲಿಗೆ ಗುಳ್ಳೆ ಬರುತ್ತದಂತೆ. ಆಮೇಲೆ ನಾನು ಕಿಟಕಿ ಇಲ್ಲದ ಕೋಣೆಯಲ್ಲಿ ನಿಂತು, ಅವನ ಅಳತೆಯ ಬೂಟಿಗೆ ಬಟ್ಟೆ ತುರುಕಿ ಹಾಕಿಕೊಂಡು, ಪರದೆ ನೋಡುತ್ತಾ, ಅವನು ಕಾಲಿಟ್ಟಲ್ಲಿ ಕಾಲಿಟ್ಟು, ನಿಂತಲ್ಲಿ ನಿಂತು, ಅವನಿಗೆ ಗಂಡಸುತನ ತುಂಬಬೇಕು. ಬಾಗಿಲು ಕಿರುಗುಟ್ಟುವುದೂ ನಾನೇ, ಬೀಗದ ಕೈ ಗೊಂಚಲೂ ನಾನೇ, ಖಳನಾಯಕನ ಮೂಳೆ ಮುರಿಯುವಾಗ ಒಣಕಡ್ಡಿ ಮುರಿಯುವವಳೂ ನಾನೇ. ಕೊನೆಯಲ್ಲಿ ನನ್ನ ಹೆಸರು ಬರುವ ಹೊತ್ತಿಗೆ ಜನ ಎದ್ದು ಬಾಗಿಲ ಹತ್ತಿರ ಹೋಗಿರುತ್ತಾರೆ. ಇಪ್ಪತ್ತು ವರ್ಷವಾಯಿತು, ಅದಕ್ಕೆಲ್ಲ ಬೇಜಾರಿಲ್ಲ. ಇದೆ, ಸುಳ್ಳು ಯಾಕೆ ಹೇಳಲಿ.

ಆದರೆ ಕಿವಿ ವಿಷಯಕ್ಕೆ ಬಂದರೆ ನನ್ನ ಸಮ ಯಾರೂ ಇಲ್ಲ. ಚಿಕ್ಕವಳಿದ್ದಾಗ ಮೆಟ್ಟಿಲ ಮೇಲೆ ಹೆಜ್ಜೆ ಬಿದ್ದರೆ ಸಾಕು, ಬಾಗಿಲು ತೆಗೆಯುವ ಮೊದಲೇ ಬಂದವರು ಯಾರು, ಕೈಯಲ್ಲಿ ಚೀಲ ಇದೆಯೋ ಇಲ್ಲವೋ, ಸಿಟ್ಟಲ್ಲಿದ್ದಾರೋ ಇಲ್ಲವೋ, ಎಲ್ಲ ಹೇಳುತ್ತಿದ್ದೆ. ಅಣ್ಣ ನನ್ನನ್ನು 'ನಾಯಿಕಿವಿ' ಅಂತಲೇ ಕರೆಯುತ್ತಿದ್ದ. "ಏ ನಾಯಿಕಿವಿ, ಅಮ್ಮ ಯಾವ ಬೀದಿಗೆ ಬಂದ್ಳು ನೋಡು" ಅನ್ನುತ್ತಿದ್ದ. ನನಗೆ ಕೊಂಬು ಬಂದ ಹಾಗೆ ಆಗುತ್ತಿತ್ತು.

ಆ ಅಣ್ಣ ಮಗು ಕದ್ದವನು. ಹಾಗಂತ ಕೋರ್ಟು ಹೇಳಿತು, ಪೇಪರ್ ಹೇಳಿತು, ನಾನೂ ಹೇಳಿದೆ. ಎಲ್ಲರಿಗಿಂತ ಮೊದಲು ನಾನೇ ಹೇಳಿದೆ.

ಇಪ್ಪತ್ತೆರಡು ವರ್ಷದ ಹಿಂದಿನ ಮಾತು. ಅಣ್ಣ ಮನೆಯ ಕೆಳಗಿನ ಅಂಗಡಿಯಲ್ಲಿ ಶಾಲೆಯ ಬ್ಯಾಗು ಹೊಲಿಯುತ್ತಿದ್ದ, ಹರಿದದ್ದಕ್ಕೆ ತೇಪೆ ಹಾಕಿಕೊಡುತ್ತಿದ್ದ. ಕಾಲಲ್ಲಿ ತುಳಿಯುವ ಮೆಷೀನು. ಪಕ್ಕದ ಬೀದಿಯ ಒಬ್ಬ ಡಾಕ್ಟರ ಆರು ವರ್ಷದ ಮಗ ಶಾಲೆಯಿಂದ ಮನೆಗೆ ಬರಲಿಲ್ಲ. ಮಾರನೆಯ ದಿನ ಡಾಕ್ಟರಿಗೆ ದುಡ್ಡು ಕೇಳಿ ಫೋನು ಬಂತು. ಮೂರನೆಯ ದಿನ ಮಗು ಪಾರ್ಕಿನ ಬೆಂಚಿನ ಮೇಲೆ ಮಲಗಿದ್ದು ಸಿಕ್ಕಿತು. ಕಣ್ಣಿಗೆ ಪಟ್ಟಿ ಕಟ್ಟಿತ್ತು, ಏನೋ ನಿದ್ದೆ ಔಷಧಿ ಕುಡಿಸಿದ್ದರು, ಅದಕ್ಕೆ ಯಾರ ಮುಖವೂ ನೆನಪಿರಲಿಲ್ಲ. ಒಟ್ಟಿನಲ್ಲಿ ಮಗು ಉಳಿಯಿತು. ಉಳಿಯದೆ ಹೋದದ್ದು ನಮ್ಮ ಮನೆ.

ಈಗ ಅದೇ ಕೇಸು ಸಿನಿಮಾ ಆಗಿದೆ. ಹೀರೋ ಪತ್ತೇದಾರ. ಅಸಲಿ ಕೇಸು ಹಿಡಿದ ಇನ್ಸ್‌ಪೆಕ್ಟರು ರಿಟೈರ್ ಆಗಿ, ಸಿನಿಮಾಕ್ಕೆ ಸಲಹೆಗಾರರಾಗಿದ್ದಾರೆ. ನಿರ್ದೇಶಕ ನನ್ನ ಬಳಿ ಬಂದು, "ಮೇಡಂ, ಇಡೀ ಕಥೆ ನಿಂತಿರೋದೇ ಒಂದು ಸದ್ದಿನ ಮೇಲೆ, ನೀವೇ ಮಾಡ್ಬೇಕು" ಅಂದ. ಈ ನಿರ್ದೇಶಕನಿಗೆ ನಾವು ಇಟ್ಟ ಹೆಸರು 'ಇನ್ನೊಂದ್ಸಲ'. ಎಷ್ಟು ಚೆನ್ನಾಗಿ ಮಾಡಿದರೂ "ಇನ್ನೊಂದ್ಸಲ" ಅನ್ನುತ್ತಾನೆ. ನಾನು ಆ ಕಳ್ಳನ ತಂಗಿ ಅಂತ ಅವನಿಗೆ ಗೊತ್ತಿಲ್ಲ. ಊರು ಬದಲಾಯಿಸಿ, ಕೆಲಸಕ್ಕೆ ಬೇರೆ ಹೆಸರಿಟ್ಟುಕೊಂಡು, ನಾನು ಅದನ್ನೆಲ್ಲ ಎಂದೋ ಹೂತು ಹಾಕಿದ್ದೆ. ಆಗಲ್ಲಪ್ಪ ಅನ್ನಬಹುದಿತ್ತು. ಅನ್ನಲಿಲ್ಲ. ಬೇರೆ ಯಾರೋ ಮಾಡಿದರೆ ಕೆಡಿಸುತ್ತಾರೆ ಅನ್ನುವ ಸೊಕ್ಕು ಒಂದು. ಇನ್ನೊಂದು, ಒಳಗೆಲ್ಲೋ ಅಣ್ಣನ ಮೇಲಿನ ಉರಿ ಆರಿರಲಿಲ್ಲ.

ಯಾಕೆ ಆರಬೇಕು? ಹನ್ನೊಂದು ವರ್ಷ ಒಳಗಿದ್ದು ಬಂದ. ಅಷ್ಟರಲ್ಲಿ ಅಮ್ಮ ಹೋದಳು, 'ನನ್ನ ಮಗ ಮಾಡಿಲ್ಲ' ಅಂತ ಗೋಡೆ ನೋಡುತ್ತಾ ಹೋದಳು. ನನ್ನನ್ನು ನೋಡಲು ಬಂದ ಮೂರು ಗಂಡಿನ ಮನೆಯವರೂ ವಿಷಯ ತಿಳಿದ ಮೇಲೆ ಈ ಕಡೆ ತಲೆ ಹಾಕಲಿಲ್ಲ. ಇಷ್ಟಾದ ಮೇಲೂ, ಜೈಲಿನ ಬಾಗಿಲಿಗೆ ಹೋಗಿ ಅವನನ್ನು ಮನೆಗೆ ಕರೆತಂದವಳು ನಾನು. ಹಿಂದಿನ ಕೋಣೆ ಕೊಟ್ಟೆ. ಒಂದೇ ಷರತ್ತು ಹಾಕಿದೆ: "ಆ ಮೆಷೀನ್ ಸದ್ದು ಈ ಮನೇಲಿ ಕೇಳಿಸ್ಬಾರ್ದು." ಅವನು ತಲೆಯಾಡಿಸಿದ. ಮೆಷೀನನ್ನು ಅಟ್ಟದ ಮೇಲೆ ಹಾಕಿ ಮೇಲೆ ಹಳೇ ಹೊದಿಕೆ ಮುಚ್ಚಿದೆವು. ಹನ್ನೊಂದು ವರ್ಷದಿಂದ ಅಕ್ಕಪಕ್ಕದ ಮಕ್ಕಳ ಬ್ಯಾಗುಗಳನ್ನು ದಬ್ಬಣ ಹಿಡಿದು ಕೈಯಲ್ಲೇ ಹೊಲಿದುಕೊಡುತ್ತಾನೆ. ಬೆರಳ ತುದಿಯೆಲ್ಲ ಗಂಟುಗಂಟು. ಈ ಬೀದಿಯ ತಾಯಂದಿರು "ಅಣ್ಣ, ನಾಳೆಗೆ ಬೇಕು" ಅಂತ ಬ್ಯಾಗು ಕೊಟ್ಟು ಹೋಗುತ್ತಾರೆ. ಅವನ ಹಳೆಯ ಕಥೆ ಅವರಿಗೆ ಗೊತ್ತಿಲ್ಲ. ಅವನಿಗೆ ಈ ಜಗತ್ತಿನಲ್ಲಿ ಇರುವುದು ಅಷ್ಟೇ, ಆ 'ಅಣ್ಣ' ಅನ್ನುವ ಮಾತು.

ಸಿನಿಮಾ ಮೂರು ವಾರದಲ್ಲಿ ಬಿಡುಗಡೆ. ಕೊನೆಗೆ ಅಸಲಿ ಅಪರಾಧಿಯ ಫೋಟೋ ಹಾಕುತ್ತೇವೆ ಅಂತ ನಿರ್ದೇಶಕ ಉತ್ಸಾಹದಿಂದ ಹೇಳಿದ. ಎಷ್ಟು ದಿನ ಅಂತ ಮುಚ್ಚಿಡಲಿ, ಗೊತ್ತಾದರೆ ಆಗಲಿ ಅಂದುಕೊಂಡೆ. ಅಷ್ಟು ಕಲ್ಲಾಗಿದ್ದೆ.

ಮೆಷೀನು ಬೇಕಾಯಿತು. ಅದೇ ಮೆಷೀನು ಅಟ್ಟದ ಮೇಲಿರುವಾಗ ಬಾಡಿಗೆಗೆ ಯಾಕೆ ತರಲಿ? ಭಾನುವಾರ ಬೆಳಿಗ್ಗೆ ಅಣ್ಣನಿಗೆ ಹೇಳಿದೆ.

"ಮೆಷೀನ್ ಇಳಿಸ್ಕೊಡು. ಒಂದು ಸಿನಿಮಾಗೆ ಬೇಕು."

"ಯಾವ ಸಿನಿಮಾ?"

"ಯಾವುದೋ ಒಂದು."

ಅವನು ಇಳಿಸಿ, ಧೂಳು ಒರೆಸಿ, "ಎಣ್ಣೆ ಹಾಕ್ಕೊಡ್ಲಾ? ಇಷ್ಟು ವರ್ಷ ಸುಮ್ನೆ ಬಿದ್ದಿತ್ತು, ಹಾಗೇ ತುಳಿದ್ರೆ ಕಚ್ಕೊಳ್ಳುತ್ತೆ" ಅಂದ. ಒಂದು ಗಂಟೆ ಕೂತು ಎಣ್ಣೆ ಬಿಟ್ಟ, ಸಡಿಲವಾಗಿದ್ದ ಚರ್ಮದ ಬೆಲ್ಟನ್ನು ಕೊಯ್ದು ಪಿನ್ನು ಹಾಕಿ ಬಿಗಿ ಮಾಡಿದ. ಗೂಡ್ಸ್ ಗಾಡಿಗೆ ಅವನೇ ಏರಿಸಿಕೊಟ್ಟ. ಗಾಡಿ ತಿರುವು ದಾಟುವ ತನಕ ಅಲ್ಲೇ ನಿಂತಿದ್ದ.

ಆ ಪಿನ್ನಿನ ವಿಷಯ ಹೇಳಬೇಕು, ಕೇಸು ನಿಂತದ್ದೇ ಅದರ ಮೇಲೆ. ತುಳಿಯುವ ಮೆಷೀನಿಗೆ ಕೆಳಗೊಂದು ದೊಡ್ಡ ಚಕ್ರ, ಮೇಲೊಂದು ಚಿಕ್ಕ ಚಕ್ರ, ಎರಡಕ್ಕೂ ಸುತ್ತಿದ ಚರ್ಮದ ಬೆಲ್ಟು. ಬೆಲ್ಟಿನ ಎರಡು ತುದಿ ಸೇರುವ ಕಡೆ ಒಂದು ತಂತಿಯ ಪಿನ್ನು. ಒಂದೊಂದು ಸುತ್ತಿಗೂ ಆ ಪಿನ್ನು ಚಕ್ರಕ್ಕೆ ತಾಗಿ 'ಟಕ್' ಅನ್ನುತ್ತದೆ. ನಾನು ಆ ಟಕ್ ಟಕ್ ಕೇಳುತ್ತಲೇ ಬೆಳೆದವಳು, ಅದನ್ನು ಕೇಳುತ್ತಲೇ ಪರೀಕ್ಷೆಗೆ ಓದಿದವಳು.

ಅಪಹರಣಕಾರ ಡಾಕ್ಟರ ಮನೆಗೆ ಮಾಡಿದ ಫೋನನ್ನು ಪೊಲೀಸರು ಸ್ಟೇಷನ್ನಿನ ರೆಕಾರ್ಡರು ತಂದಿಟ್ಟು ಟೇಪ್ ಮಾಡಿಕೊಂಡಿದ್ದರು. ಆ ಮಗುವಿನ ಬ್ಯಾಗಿಗೆ ಹಿಂದಿನ ವಾರವಷ್ಟೇ ಅಣ್ಣ ತೇಪೆ ಹಾಕಿದ್ದರಿಂದ ನಮ್ಮನ್ನೂ ಸ್ಟೇಷನ್ನಿಗೆ ಕರೆದರು. ನನಗೆ ಹತ್ತೊಂಬತ್ತು. ಇನ್ಸ್‌ಪೆಕ್ಟರು ಕುರ್ಚಿ ಹಾಕಿಸಿ, ಟೇಪ್ ಹಾಕಿ, ಮೆಲ್ಲಗೆ ಕೇಳಿದರು, "ಮಾತು ಬಿಡಮ್ಮ. ಹಿಂದೆ ಒಂದು ಸದ್ದು ಬರ್ತಿದೆ ನೋಡು. ಏನದು?" ಮಾತನಾಡಿದವನು ಬಾಯಿಗೆ ಬಟ್ಟೆ ಅಡ್ಡ ಇಟ್ಟುಕೊಂಡಿದ್ದ, ಅದು ಯಾರ ದನಿಯಾದರೂ ಆಗಬಹುದಿತ್ತು. ಆದರೆ ಹಿಂದೆ ಟಕ್... ಟಕ್... ಟಕ್. ನನ್ನ ಕಿವಿ ನಿಮಿರಿತು. ಕ್ಲಾಸಿನಲ್ಲಿ ಉತ್ತರ ಗೊತ್ತಿರುವ ಹುಡುಗಿ ಕೈ ಎತ್ತುವ ಹಾಗೆ ಹೇಳಿಬಿಟ್ಟೆ, "ಇದು ನಮ್ಮಣ್ಣನ ಮೆಷೀನ್. ಬೆಲ್ಟಿನ ಪಿನ್ ಚಕ್ರಕ್ಕೆ ತಾಗೋ ಸದ್ದು." ಹೇಳಿ ಮುಗಿಸಿದ ಮೇಲೆಯೇ ಏನು ಹೇಳಿದೆ ಅಂತ ಗೊತ್ತಾದದ್ದು. ಆಮೇಲೆ ನುಂಗಲಾಗುತ್ತದೆಯೇ? ನನಗೆ ಅನುಮಾನವೂ ಇರಲಿಲ್ಲ. ನನ್ನ ಕಿವಿ ಎಲ್ಲಾದರೂ ತಪ್ಪುತ್ತದೆಯೇ?

ಫೋನು ಬಂದ ಹೊತ್ತಿಗೆ ಎಲ್ಲಿದ್ದೆ ಅಂತ ಕೇಳಿದರೆ ಅಣ್ಣ, "ಮೆಷೀನ್ ಮುಂದೆ ಕೂತು ಹೊಲೀತಿದ್ದೆ" ಅಂದ. ಅಂಗಡಿಯ ಫೋನು ಮೆಷೀನಿನ ಪಕ್ಕದಲ್ಲೇ ಇತ್ತು. ಅಕ್ಕಪಕ್ಕದವರಿಗೆ ಅನುಮಾನ ಬರಬಾರದೆಂದು ಕಾಲಲ್ಲಿ ತುಳಿಯುತ್ತಾ ಬಾಯಲ್ಲಿ ಬೆದರಿಸಿದ್ದಾನೆ ಅಂತ ಇನ್ಸ್‌ಪೆಕ್ಟರು ಹೇಳಿದರು. ಕೋರ್ಟು ಒಪ್ಪಿತು.

ಆ ಇನ್ಸ್‌ಪೆಕ್ಟರೇ ಮಂಗಳವಾರ ಸ್ಟುಡಿಯೋಗೆ ಬಂದರು. ಹೊಟ್ಟೆ ಬಂದಿದೆ, ಕೂದಲಿಗೆ ಬಣ್ಣ ಹಚ್ಚಿದ್ದಾರೆ. ನನ್ನನ್ನು ನೋಡಿ ಅವರಿಗೆ ಗುರುತೇ ಹತ್ತಲಿಲ್ಲ. ಚಹಾ ಹೀರುತ್ತಾ ನನಗೇ ನನ್ನ ಕಥೆ ಹೇಳಿದರು.

"ಅವನ ಸ್ವಂತ ತಂಗಿ ಕಣ್ರೀ. ಒಂದು ಏಟಿಲ್ಲ, ಒಂದು ಗದರಿಕೆ ಇಲ್ಲ. ಕೇಳಿದ ತಕ್ಷಣ ಹೇಳಿದ್ಲು. ಅಂಥ ಸತ್ಯವಂತೆ! ಈಗೆಲ್ಲಿದ್ದಾಳೋ ಪಾಪ."

"ಇರ್ತಾಳೆ ಎಲ್ಲೋ" ಅಂದೆ.

ಹೋಗುವಾಗ ಒಂದು ಬೂಟಿನ ಡಬ್ಬಿ ಮೇಜಿನ ಮೇಲಿಟ್ಟರು. "ಕೇಸಿನ ಕ್ಯಾಸೆಟ್ಟುಗಳು. ನಂದೇ ಕಾಪಿ, ನೆನಪಿಗೆ ಇಟ್ಕೊಂಡಿದ್ದೆ. ಜೋಪಾನ."

ಕೆಲಸ ಶುರು ಮಾಡಿದೆವು. ಗಾಜಿನ ಆಚೆ ಕೂತು ರೆಕಾರ್ಡ್ ಮಾಡುವವನು ನನ್ನ ಹಳೆಯ ಜೊತೆಗಾರ, ಇಪ್ಪತ್ತು ವರ್ಷದಿಂದ ಅವನನ್ನು ಗಾಜಿನಲ್ಲೇ ನೋಡಿರುವುದರಿಂದ 'ಗಾಜಣ್ಣ' ಅನ್ನುತ್ತೇನೆ. ಮಾತು ಕಡಿಮೆ, ಕೆಲಸ ಜಾಸ್ತಿ. ಪರದೆಯ ಮೇಲೆ ಅಣ್ಣನ ಪಾತ್ರದವನು, ಕೆಂಪು ಕಣ್ಣು, ಕುರುಚಲು ಗಡ್ಡ, ಒಂದು ಕೈಯಲ್ಲಿ ಫೋನು, ಕಾಲು ತುಳಿಯುತ್ತಿದೆ. ನಾನು ಅಣ್ಣನ ಮೆಷೀನಿನ ಮುಂದೆ ಕೂತು ತುಳಿದೆ. ಕಿವಿಗೆ ಹಾಕಿಕೊಂಡ ಹೆಡ್‌ಫೋನಿನಲ್ಲಿ ಅಸಲಿ ಟೇಪು ಓಡುತ್ತಿತ್ತು, ಅದಕ್ಕೆ ಸರಿಯಾಗಿ ನನ್ನ ಟಕ್ ಬೀಳಬೇಕು.

ಬೀಳಲಿಲ್ಲ.

"ಇನ್ನೊಂದ್ಸಲ" ಅಂದ ನಿರ್ದೇಶಕ.

ಹದಿನಾಲ್ಕು ಸಲ ಮಾಡಿದೆ. ಮೂರು ಟಕ್ ಸರಿ ಬಿದ್ದರೆ ನಾಲ್ಕನೆಯದು ಹಿಂದೆ, ಐದನೆಯದು ಮುಂದೆ. ಬೆವರು ಇಳಿಯಿತು. ಇಪ್ಪತ್ತು ವರ್ಷ ಜನರ ಕಾಲಿಗೆ ಕಾಲು ಕೂಡಿಸಿ ಬದುಕಿದವಳು ನಾನು, ಕುಂಟನ ಹೆಜ್ಜೆಗೂ ಕುಡುಕನ ಹೆಜ್ಜೆಗೂ ಮೊದಲನೇ ಸಲಕ್ಕೇ ಸರಿಹೊಂದಿಸಿದವಳು. ನಮ್ಮ ಮನೆಯ ಮೆಷೀನು ನನ್ನ ಮಾತು ಕೇಳುವುದಿಲ್ಲವೇ ಅಂತ ಮೈಯೆಲ್ಲ ಉರಿಯಿತು.

"ಏನ್ ಮೇಡಂ, ಟೇಪಲ್ಲಿ ಎಷ್ಟು ಸಮವಾಗಿದೆ, ನೀವ್ಯಾಕೆ ಏರುಪೇರು ಮಾಡ್ತೀರಿ?" ಅಂದ ನಿರ್ದೇಶಕ.

"ಕಾಲಲ್ಲಿ ತುಳಿದ್ರೆ ಹೀಗೇ ಆಗೋದು! ನೀವ್ ಬಂದು ತುಳೀರಿ ನೋಡೋಣ!"

ಹೇಳಿದ್ದು ಸಿಟ್ಟಿಗೆ. ಆದರೆ ಬಾಯಿಂದ ಬಿದ್ದ ಮಾತು ನನ್ನ ಕಿವಿಗೇ ಬಂದು ನಾಟಿತು. ಕಾಲಲ್ಲಿ ತುಳಿದರೆ ಹೀಗೇ ಆಗುವುದು. ಮನುಷ್ಯನ ಕಾಲು ಸಮ ಇರುವುದಿಲ್ಲ, ನನ್ನ ಕಸುಬಿನ ಮೊದಲ ಪಾಠವೇ ಅದು. ಅದರಲ್ಲೂ ಹೊಲಿಯುವವನ ಕಾಲು ಮೂಲೆ ಬಂದರೆ ನಿಲ್ಲುತ್ತದೆ, ಬಟ್ಟೆ ತಿರುಗಿಸಿದರೆ ನಿಧಾನವಾಗುತ್ತದೆ, ಉದ್ದ ಹೊಲಿಗೆಯಲ್ಲಿ ಓಡುತ್ತದೆ. ಅದೂ ಫೋನಿನಲ್ಲಿ ಒಬ್ಬ ತಂದೆಯನ್ನು ಬೆದರಿಸುತ್ತಾ ಇರುವವನ ಕಾಲು? ಮಾತು ಏರಿದಾಗ ಕಾಲೂ ಏರಬೇಕಲ್ಲ?

"ಗಾಜಣ್ಣ, ಆ ಟೇಪ್ ಒಂದ್ಸಲ ಪರದೆ ಮೇಲೆ ಹಾಕು" ಅಂದೆ.

ಅವನು ಹಾಕಿದ. ಸದ್ದು ಗೆರೆಗಳಾಗಿ ಮೂಡಿತು. ನಾಲ್ಕು ನಿಮಿಷದ ಮಾತಿನ ಕೆಳಗೆ ಟಕ್ಕುಗಳು ಒಂದೊಂದೂ ಅಳತೆಗೋಲು ಇಟ್ಟು ಗೀಚಿದಷ್ಟು ಸಮದೂರದಲ್ಲಿದ್ದವು. ಆ ನೀಚ "ನಿನ್ನ ಮಗ ಬೇಕೋ ಬೇಡ್ವೋ" ಅಂತ ಕಿರುಚುವಾಗಲೂ ಕೂದಲೆಳೆಯಷ್ಟು ಅಲುಗಾಡಿರಲಿಲ್ಲ.

"ಮೋಟರ್ ಇತ್ತೇನೋ" ಅಂದ ನಿರ್ದೇಶಕ.

"ಇರ್ಲಿಲ್ಲ."

"ನಿಮಗ್ಹೇಗೆ ಗೊತ್ತು?"

ಅಷ್ಟರಲ್ಲಿ ಅವನಿಗೆ ಯಾವುದೋ ಕರೆ ಬಂತು, ಊಟ ಮುಗಿಸಿ ಬರುತ್ತೇನೆ ಅಂತ ಹೋದ. ನಾನು ಬೂಟಿನ ಡಬ್ಬಿ ತೆಗೆದೆ. ನಾಲ್ಕು ಕ್ಯಾಸೆಟ್ಟು. ಒಂದು ಫೋನಿನದು. ಎರಡು ಡಾಕ್ಟರು ಮತ್ತವರ ಹೆಂಡತಿಯವು. ನಾಲ್ಕನೆಯದರ ಮೇಲೆ ನೀಲಿ ಪೆನ್ನಿನಲ್ಲಿ 'ಸಾಕ್ಷಿ ೭'. ಏಳನೇ ಸಾಕ್ಷಿ ನಾನು. ಸ್ಟೇಷನ್ನಿನಲ್ಲಿ ಫೋನಿನ ಟೇಪು ತೆಗೆದು, ಅದೇ ರೆಕಾರ್ಡರಿಗೆ ಹೊಸ ಕ್ಯಾಸೆಟ್ಟು ಹಾಕಿ, "ಈಗ ಹೇಳಿದ್ದನ್ನೇ ಇನ್ನೊಂದ್ಸಲ ಹೇಳಮ್ಮ" ಅಂದಿದ್ದರು ಇನ್ಸ್‌ಪೆಕ್ಟರು.

ಹಾಕಿದೆ. ಹತ್ತೊಂಬತ್ತರ ನನ್ನ ದನಿ, ತೆಳ್ಳಗೆ, ಜಂಬದಿಂದ: "ಅದು ನಮ್ಮಣ್ಣನ ಮೆಷೀನ್ ಸದ್ದು, ಸಾರ್. ನಂಗೆ ಚೆನ್ನಾಗ್ ಗೊತ್ತು." ಆಮೇಲೆ ಇನ್ಸ್‌ಪೆಕ್ಟರು ಏನೋ ಬರೆದುಕೊಳ್ಳುವ ತನಕ ಮೌನ. ಆ ಮೌನದಲ್ಲಿ, ಅಣ್ಣನ ಅಂಗಡಿಯಿಂದ ಎರಡು ಮೈಲಿ ದೂರದ ಪೊಲೀಸ್ ಸ್ಟೇಷನ್ನಿನ ಕೋಣೆಯಲ್ಲಿ, ಟಕ್... ಟಕ್... ಟಕ್.

"ನೀರು" ಅಂದೆನೋ ಏನೋ, ಗಾಜಣ್ಣ ಮೊದಲ ಸಲ ಗಾಜಿನಿಂದ ಈಚೆ ಬಂದ. ಏನೂ ಕೇಳದೆ, ಎರಡು ಟೇಪುಗಳ ಗೆರೆಗಳನ್ನು ಒಂದರ ಕೆಳಗೊಂದು ಜೋಡಿಸಿದ. ಟಕ್ಕಿಗೆ ಟಕ್ಕು ಕೂಡಿತು.

"ಇದು ಹೊರಗಿನ ಸದ್ದಲ್ಲಮ್ಮ" ಅಂದ. "ರೆಕಾರ್ಡರಿನ ಹೊಟ್ಟೆಯೊಳಗಿಂದು. ಹಳೇ ರೆಕಾರ್ಡರೊಳಗೆ ಒಂದು ರಬ್ಬರ್ ಬೆಲ್ಟ್ ಇರುತ್ತೆ. ಒಣಗಿ ಬಿರುಕು ಬಿಟ್ರೆ ಸುತ್ತಿಗೊಂದು ಟಕ್ ಅನ್ನುತ್ತೆ. ಮೈಕೂ ಅದರ ಮೈಯಲ್ಲೇ ಇರುತ್ತಲ್ಲ, ಏನ್ ರೆಕಾರ್ಡ್ ಮಾಡಿದ್ರೂ ಬರುತ್ತೆ. ಹೊರಗೆ ಅಷ್ಟಾಗಿ ಕೇಳಿಸಲ್ಲ, ಟೇಪಲ್ಲಿ ಮಾತ್ರ ಜೋರಾಗಿ ಬರುತ್ತೆ, ಅದಕ್ಕೆ ಇದು ನಮ್ಮ ಡಬ್ಬಾದ್ದೇ ಸದ್ದು ಅಂತ ಆ ಸ್ಟೇಷನ್ನಿನಲ್ಲಿ ಯಾರಿಗೂ ಹೊಳ್ದಿರಲ್ಲ."

ಡಾಕ್ಟರ ಟೇಪು ಹಾಕಿದ. ಅದರಲ್ಲೂ ಇತ್ತು. ಅವರ ಹೆಂಡತಿ ಅಳುವ ಟೇಪಿನಲ್ಲೂ ಇತ್ತು. ಅಯ್ಯೋ ದೇವರೇ, ಎಲ್ಲದರಲ್ಲೂ ಇತ್ತು. ಒಂದು ರಬ್ಬರ್ ಪಟ್ಟಿ ಬದಲಾಯಿಸಿದ್ದರೆ ನನ್ನ ಅಣ್ಣ ಆ ಹನ್ನೊಂದು ವರ್ಷ ಮನೆಯಲ್ಲಿರುತ್ತಿದ್ದ.

ನಾನು ಅವತ್ತೇ ಮಧ್ಯಾಹ್ನ ಇನ್ಸ್‌ಪೆಕ್ಟರ ಮನೆಗೆ ಹೋದೆ. ಅವರು ಬನಿಯನ್ ಹಾಕಿಕೊಂಡು ಹೂಕುಂಡಗಳಿಗೆ ನೀರು ಹಾಕುತ್ತಿದ್ದರು. ಕ್ಯಾಸೆಟ್ಟು ಮುಂದಿಟ್ಟು, ಎಲ್ಲ ಹೇಳಿ, ನಾನು ಯಾರು ಅನ್ನುವುದನ್ನೂ ಹೇಳಿದೆ. ಅವರು ನೀರಿನ ಕ್ಯಾನು ಕೆಳಗಿಟ್ಟು ನನ್ನ ಮುಖವನ್ನೇ ನೋಡಿದರು. ಮುಖದ ಬಣ್ಣ ಇಳಿದದ್ದು ನಿಜ. ಆದರೆ ಒಂದೇ ನಿಮಿಷ. ಎಷ್ಟಾದರೂ ಪಳಗಿದ ಮನುಷ್ಯ.

"ನೋಡಮ್ಮ, ಮಗು ಸಿಕ್ತು. ಈಗ ಅವನೂ ಡಾಕ್ಟರ್ ಆಗಿದ್ದಾನೆ. ನಿಮ್ಮಣ್ಣ ಶಿಕ್ಷೆ ಮುಗಿಸಿ ಮನೇಲಿದ್ದಾನೆ. ಈಗ ಯಾರಿಗೇನು ತೊಂದ್ರೆ?"

"ಮೂರು ವಾರಕ್ಕೆ ಅವನ ಫೋಟೋ ಪರದೆ ಮೇಲೆ ಬರುತ್ತೆ, ಸಾರ್. ಬೀದಿಯೋರೆಲ್ಲ ನೋಡ್ತಾರೆ. ಅವನು ಮಾಡಿಲ್ಲ. ನೀವು ನಿಮ್ಮ ಮೆಷೀನಿನ ಸದ್ದಿಗೆ ಅವನನ್ನ ಹನ್ನೊಂದು ವರ್ಷ ಒಳಗೆ ಹಾಕಿದ್ರಿ."

"ನಾನಾ?" ಅಂದರು. ದನಿ ಏರಿಸಲಿಲ್ಲ, ಅವತ್ತಿನ ಹಾಗೇ ಮೆಲ್ಲಗೆ. "ಅದು ಏನ್ ಸದ್ದು ಅಂತ ನಂಗೆ ಗೊತ್ತಿರ್ಲಿಲ್ಲ. ನಾನು ಕೇಳ್ದೆ, ಅಷ್ಟೇ. ಹೇಳಿದ್ದು ನೀವು."

ಇಪ್ಪತ್ತೆರಡು ವರ್ಷದಲ್ಲಿ ಆ ಮನುಷ್ಯ ನುಡಿದ ಒಂದೇ ಒಂದು ನಿಜ ಅದು.

ನಿರ್ದೇಶಕನಿಗೂ ಹೇಳಿದೆ. ಅವನು ಕುರ್ಚಿಯಿಂದ ಎದ್ದು ನಿಂತುಬಿಟ್ಟ. "ಮೇಡಂ, ಇದು ನಮ್ ಕಥೆಗಿಂತ ಚೆನ್ನಾಗಿದೆ! ಇದು ಓಡಿದ್ರೆ ಎರಡನೇ ಭಾಗ ಇದನ್ನೇ ಮಾಡೋಣ!" ಅಂದ. ಫೋಟೋ ತೆಗಿ ಅಂದೆ. "ಕೋರ್ಟೇ ಅಪರಾಧಿ ಅಂದಿದೆ, ನಾನ್ಯಾಕೆ ತೆಗೀಲಿ?" ಅಂದ. ಹಾಗಾದರೆ ನಿನ್ನ ಸದ್ದು ನೀನೇ ಮಾಡಿಕೋ ಅಂತ ಹೆಡ್‌ಫೋನು ಕಿತ್ತು ಮೇಜಿನ ಮೇಲೆ ಎಸೆದೆ. ಅದಕ್ಕೂ ಅವನು ಬಗ್ಗಲಿಲ್ಲ. "ಪರವಾಗಿಲ್ಲ, ಅಸಲಿ ಟೇಪಿನ ಸದ್ದನ್ನೇ ಹಾಕ್ತೀವಿ, ಇನ್ನೂ ನೈಜವಾಗಿರುತ್ತೆ." ಥಿಯೇಟರಿನಲ್ಲಿ ಊರಿಗೆ ಊರೇ ಕೂತು ಪೊಲೀಸರ ಹಳೇ ರೆಕಾರ್ಡರಿನ ಸದ್ದು ಕೇಳಿ 'ಸಿಕ್ಕಿಬಿದ್ದ ನನ್ಮಗ' ಅನ್ನುತ್ತದೆ. ಏನು ಮಾಡಲಿ, ಯಾರ ಕಾಲರ್ ಹಿಡಿಯಲಿ? ಏಳನೇ ಸಾಕ್ಷಿಯ ಕ್ಯಾಸೆಟ್ಟನ್ನು ಮಾತ್ರ ಕೈಚೀಲಕ್ಕೆ ಹಾಕಿಕೊಂಡು ಮನೆಗೆ ಬಂದೆ.

ಅಣ್ಣ ಅಡುಗೆಮನೆಯ ಮೇಜಿನ ಮೇಲೆ ಯಾವುದೋ ಮಗುವಿನ ಬ್ಯಾಗು ಹರವಿಕೊಂಡು ಭುಜದ ಪಟ್ಟಿ ಹೊಲಿಯುತ್ತಿದ್ದ. ಬ್ಯಾಗಿನ ಮೇಲೆ ನಗುವ ಕರಡಿಯ ಚಿತ್ರ. ನಾನು ಎದುರಿಗೆ ಕೂತೆ. ಮನೆಯ ಹಳೇ ಟೇಪ್ ರೆಕಾರ್ಡರಿಗೆ ಕ್ಯಾಸೆಟ್ಟು ಹಾಕಿ ಒತ್ತಿದೆ. ನನ್ನ ದನಿ ಬಂತು. ಮೌನ ಬಂತು. ಟಕ್... ಟಕ್.

ಅವನು ದಬ್ಬಣ ನಿಲ್ಲಿಸಲಿಲ್ಲ. "ಆಫ್ ಮಾಡು" ಅಂದ. "ಕೋರ್ಟಲ್ಲೇ ಕೇಳಿದೀನಿ."

"ಏನು ಕೇಳಿದೀಯ?"

"ಅದೇ. ಮೊದ್ಲು ಆ ಫೋನಿನ ಟೇಪ್ ಹಾಕಿದ್ರು, ಆಮೇಲೆ ನಿಂದು ಹಾಕಿದ್ರು. ಎರಡರಲ್ಲೂ ಅದೇ ಟಕ್ ಟಕ್. ಲಾಯರ್ ಕೋಟ್ ಎಳೆದು ಹೇಳ್ದೆ. ಟೇಪ್ ಹಾಕಿದ್ರೆ ಟೇಪಿನ ಸದ್ದು ಇದ್ದೇ ಇರುತ್ತೆ, ಸ್ವಂತ ತಂಗಿ ಮಾತಿಗೆ ಏನ್ ಹೇಳ್ತೀಯ, ಕೂತ್ಕೋ ಅಂದ. ಕೂತ್ಕೊಂಡೆ."

"ನನಗ್ಯಾಕೆ ಹೇಳ್ಲಿಲ್ಲ ಅಣ್ಣ?"

ಈಗ ತಲೆ ಎತ್ತಿದ. ನಾನೇನೋ ತಮಾಷೆ ಮಾಡುತ್ತಿದ್ದೇನೆ ಅನ್ನುವ ಹಾಗೆ ನೋಡಿದ.

"ನಿನಗೆ ಏನಂತ ಹೇಳ್ಲಿ? ಅವತ್ತು ನಿನ್ನ ಮುಖಾನೇ ನೋಡ್ತಿದ್ದೆ. ಟೇಪ್ ಓಡ್ತಿತ್ತು, ನೀನು ತಲೆ ತಗ್ಗಿಸ್ದೆ. ಸದ್ಯ, ಕೇಳಿಸ್ತು ಇವಳಿಗೆ, ಈಗ ಎದ್ದು ಹೇಳ್ತಾಳೆ ಅಂತ ಕಾದೆ. ನೀನು ಏಳ್ಲಿಲ್ಲ. ಪೊಲೀಸರು ಹೆದರಿಸಿರ್ತಾರೆ, ಚಿಕ್ಕ ಹುಡುಗಿ, ಏನ್ ಮಾಡ್ತಾಳೆ ಅಂದ್ಕೊಂಡೆ. ಜೈಲಿಗೆ ನೋಡೋಕೆ ಬಂದಾಗ ಅಮ್ಮಂಗೂ ಹೇಳಿದ್ದೆ, ಅವಳನ್ನ ಏನೂ ಕೇಳ್ಬೇಡ, ನೊಂದ್ಕೊಂತಾಳೆ ಅಂತ."

ಅಂದರೆ ಅಮ್ಮನೂ. ಕೊನೆಯ ದಿನಗಳಲ್ಲಿ ನಾನು ಗಂಜಿ ತಿನ್ನಿಸಲು ಹೋದರೆ ನನ್ನ ಮುಖ ನೋಡದೆ ಗೋಡೆ ನೋಡುತ್ತಿದ್ದಳಲ್ಲ, ಅದಕ್ಕೆ. ಮಗನ ಮೇಲಿನ ಕುರುಡು ಪ್ರೀತಿ ಅಂತ ನಾನು ಅವಳ ಮೇಲೆ ರೇಗಿದ್ದೆ. 'ನನ್ನ ಕಿವಿ ಸುಳ್ಳು ಹೇಳುತ್ತಾ ಅಮ್ಮ?' ಅಂತ ಕೂಗಾಡಿದ್ದೆ. ಹನ್ನೊಂದು ವರ್ಷ ಈ ಮೇಜಿನ ಎರಡು ಬದಿಗೆ ಕೂತು ನಾವಿಬ್ಬರೂ ಊಟ ಮಾಡಿದ್ದೇವೆ. ಮಗು ಕದ್ದದ್ದಕ್ಕೆ ನಾನು ಅವನನ್ನು ಕ್ಷಮಿಸುತ್ತಿದ್ದೆ, ಸುಳ್ಳು ಸಾಕ್ಷಿ ಹೇಳಿದ್ದಕ್ಕೆ ಅವನು ನನ್ನನ್ನು ಕ್ಷಮಿಸುತ್ತಿದ್ದ.

"ನನಗೆ ಕೇಳಿಸ್ಲಿಲ್ಲ ಅಣ್ಣ" ಅಂದೆ. "ನನ್ನಾಣೆ. ನಾಚಿಕೆಗೆ ತಲೆ ತಗ್ಗಿಸಿದ್ದೆ, ಎಲ್ಲರೂ ನನ್ನನ್ನೇ ನೋಡ್ತಿದ್ರು. ಯಾರೂ ಹೆದರಿಸ್ಲಿಲ್ಲ. ಅದು ನಿನ್ನ ಮೆಷೀನೇ ಅಂತ ನಂಬಿದ್ದೆ. ನನಗೆ ಕೇಳಿಸ್ಲೇ ಇಲ್ಲ."

ಅಣ್ಣ ನಕ್ಕ. ಜೈಲಿನಿಂದ ಬಂದ ಮೇಲೆ ಅವನು ನಕ್ಕದ್ದು ನಾನು ನೋಡಿರಲಿಲ್ಲ.

"ನಿನಗಾ?" ಅಂದ. "ನಾಯಿಕಿವಿಗಾ?"

ಮತ್ತೆ ಮತ್ತೆ ಹೇಳಿದೆ. ಕೈ ಹಿಡಿದುಕೊಂಡು ಹೇಳಿದೆ, ಅತ್ತುಕೊಂಡು ಹೇಳಿದೆ. ಲಾಯರ ಹತ್ತಿರ ಹೋಗೋಣ, ಕೋರ್ಟಿನಲ್ಲಿ ನಿಂತು ನನ್ನ ತಪ್ಪು ಅಂತ ಹೇಳುತ್ತೇನೆ, ಸಿನಿಮಾ ನಿಲ್ಲಿಸೋಣ ಅಂದೆ. "ಹೋಗೋಣ, ಹೋಗೋಣ" ಅಂತ ತಲೆಯಾಡಿಸಿದ. ಅಳುವ ಮಗುವನ್ನು ಸುಮ್ಮನಾಗಿಸುವವರು ಹಾಗೆ ತಲೆಯಾಡಿಸುತ್ತಾರೆ. ಅವನು ನಂಬಲಿಲ್ಲ. ನಂಬುವುದೂ ಇಲ್ಲ. ಆ ಕಿವಿ ಎಂಥದ್ದು ಅಂತ ಎಲ್ಲರಿಗಿಂತ ಚೆನ್ನಾಗಿ ಬಲ್ಲವನು ಅವನೇ.

ಸ್ವಲ್ಪ ಹೊತ್ತಾದ ಮೇಲೆ ದಾರ ಹಲ್ಲಿನಿಂದ ಕಡಿದು, ಬ್ಯಾಗು ಪಕ್ಕಕ್ಕಿಟ್ಟು, ಅಳುಕುತ್ತಾ ಕೇಳಿದ, "ಆ ಮೆಷೀನು ವಾಪಸ್ ತರ್ತೀಯಲ್ಲ? ಅಟ್ಟಕ್ಕೆ ಬೇಡ, ನನ್ನ ಕೋಣೇಲಿ ಹಾಕ್ಕೊಳ್ಲಾ? ಬಾಗಿಲು ಹಾಕ್ಕೊಂಡೇ ಹೊಲೀತೀನಿ. ಬೆರಳು ತುಂಬಾ ನೋಯುತ್ತೆ."

"ಹಾಕ್ಕೋ ಅಣ್ಣ" ಅಂದೆ.

ಮಾರನೆಯ ದಿನ ಲಾಯರ ಬಳಿ ಹೋಗಿ ಬಂದೆ. ಬರೆದುಕೊಂಡಿದ್ದಾರೆ. ಸಿನಿಮಾ ಬಿಡುಗಡೆಗೆ ಮೊದಲು ಏನೂ ಆಗುವುದಿಲ್ಲವಂತೆ, ಆಮೇಲೂ ಎಷ್ಟು ವರ್ಷವೋ ಅಂದರು. ಏಳುವಾಗ ಅವರೂ ಅದನ್ನೇ ಕೇಳಿದರು, "ನಿಮ್ಮ ಕಸುಬೇ ಇದು ಅಂತೀರಿ, ಅವತ್ತು ಹೇಗೆ ಕೇಳಿಸ್ಲಿಲ್ಲ?"

ಮೆಷೀನು ಮನೆಗೆ ಬಂದಿದೆ. ಈಗ, ಇದನ್ನು ಹೇಳುತ್ತಿರುವ ಹೊತ್ತಿಗೆ, ಹಿಂದಿನ ಕೋಣೆಯಲ್ಲಿ ಅಣ್ಣ ತುಳಿಯುತ್ತಿದ್ದಾನೆ. ಉದ್ದ ಹೊಲಿಗೆಯಲ್ಲಿ ಓಡುತ್ತಾನೆ, ಮೂಲೆಗೆ ಬಂದಾಗ ನಿಲ್ಲುತ್ತಾನೆ, ಬಟ್ಟೆ ತಿರುಗಿಸಿ ಎರಡು ಸುತ್ತು ಮೆಲ್ಲಗೆ ಹೋಗಿ ಮತ್ತೆ ಓಡುತ್ತಾನೆ. ಒಂದು ಟಕ್ಕಿನ ಹಾಗೆ ಇನ್ನೊಂದಿಲ್ಲ. ಟೇಪಿನ ಸದ್ದಿಗೂ ಇದಕ್ಕೂ ಸಂಬಂಧವೇ ಇಲ್ಲ, ಕಿವುಡರಿಗೂ ಗೊತ್ತಾಗುತ್ತದೆ. ನಾನು ಇದನ್ನು ಹತ್ತೊಂಬತ್ತು ತುಂಬುವ ತನಕ ದಿನಾ ಕೇಳಿದ್ದೆ.